ಏರ್ ರೈಫಲ್‌ಗೆ ಹೊಸ ಮೌಂಟ್ ಬೇಕಾ? ಮೊದಲು ಹಳೆಯದನ್ನು ವಿಚಾರಿಸಿ

ಏರ್ ರೈಫಲ್ ಕೊಂಡವರ ಕಥೆ ಹೆಚ್ಚುಕಡಿಮೆ ಒಂದೇ. ಮೊದಲು ರೈಫಲ್ ಬರುತ್ತದೆ. ಆಮೇಲೆ ಒಂದು 3-9×40 ಸ್ಕೋಪ್, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿಮೀ ಲೆನ್ಸಿನ ಗುರಿ ದುರ್ಬೀನು. ಸ್ಕೋಪ್ ಡಬ್ಬಿಯಲ್ಲೇ ಪುಕ್ಕಟೆ ಬಂದ ಎರಡು ಅಲ್ಯೂಮಿನಿಯಂ ರಿಂಗ್‌ಗಳಲ್ಲಿ, ಅಂದರೆ ಮೌಂಟ್‌ನಲ್ಲಿ, ಅದನ್ನು ಕೂರಿಸಿದ್ದಾಯಿತು, ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿ ಝೀರೋ ಮಾಡಿದ್ದೂ ಆಯಿತು. ಸ್ವಲ್ಪ ದಿನ ಖುಷಿ. ಆಮೇಲೆ ನಿನ್ನೆ ಸರಿಯಾಗಿ ಬೀಳುತ್ತಿದ್ದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇವತ್ತು ಎರಡು ಇಂಚು ಕೆಳಗೆ ಬೀಳತೊಡಗುತ್ತದೆ. ಗೊತ್ತಿದ್ದವರನ್ನು ಕೇಳಿದರೆ ಉತ್ತರ ರೆಡಿ: 'ಮೌಂಟ್ ಬದಲಾಯಿಸಿ.' ಅದೂ ಸಿಗುತ್ತೆ, ಆದರೆ ಗಟ್ಟಿಮುಟ್ಟಾದ ಮೌಂಟ್ ಸಾವಿರಗಳ ಲೆಕ್ಕ. ಸ್ಕೋಪ್‌ಗಿಂತ ಮೌಂಟ್ ದುಬಾರಿ ಆಗಿಬಿಟ್ಟರೆ ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಾಗುತ್ತೆ, ಅಲ್ವಾ?

ದುಡ್ಡು ತೆಗೆಯುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮೌಂಟ್ ಯಾವತ್ತೂ ಗುರಿಯನ್ನು ಚುರುಕು ಮಾಡುವುದಿಲ್ಲ. ಸ್ಕೋಪ್ ಅನ್ನು ಇಟ್ಟ ಜಾಗದಲ್ಲೇ ಇಟ್ಟುಕೊಂಡಿರುವುದಷ್ಟೇ ಅದರ ಕೆಲಸ. ಈಗಿರುವ ಮೌಂಟ್ ಆ ಕೆಲಸ ಮಾಡುತ್ತಿದ್ದರೆ ಹತ್ತು ಪಟ್ಟು ಬೆಲೆಯದ್ದನ್ನು ಹಾಕಿದರೂ ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಪೆಲೆಟ್‌ಗಳು ಬಿದ್ದ ಗುಂಪು, ಒಂದು ಕೂದಲೆಳೆಯಷ್ಟೂ ಚಿಕ್ಕದಾಗುವುದಿಲ್ಲ. ಹಾಗಾಗಿ 'ಯಾವ ಮೌಂಟ್ ಒಳ್ಳೆಯದು' ಅನ್ನುವುದು ಎರಡನೆಯ ಪ್ರಶ್ನೆ. 'ನನ್ನ ಮೌಂಟ್ ನಿಜವಾಗಿ ಜಾರುತ್ತಿದೆಯಾ' ಅನ್ನುವುದು ಮೊದಲನೆಯದು.

ಇಲ್ಲಿ ಹೇಳುತ್ತಿರುವುದು ನಮ್ಮಲ್ಲಿ ಸುಲಭವಾಗಿ ಸಿಗುವ .177 ಏರ್ ರೈಫಲ್‌ಗಳ ಬಗ್ಗೆ. 4.5 ಮಿಮೀ (.177 ಇಂಚು) ಬೋರ್, ಅಂದರೆ ಬ್ಯಾರೆಲ್‌ನ ಒಳವ್ಯಾಸ, ಮತ್ತು 20 ಜೂಲ್ ಒಳಗಿನ ಶಕ್ತಿ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಹಕ್ಕಿ ಹೊಡೆಯಬಹುದು ಅಂತಲ್ಲ. ಏರ್ ಗನ್ನೇ ಆದರೂ ಕಾಡು ಹಕ್ಕಿ, ಪ್ರಾಣಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಕಾಗದದ ಟಾರ್ಗೆಟ್, ಅದರ ಹಿಂದೆ ಪೆಲೆಟ್ ದಾಟದಂಥ ತಡೆ. ಇಷ್ಟರಲ್ಲೇ ಬೇಕಾದಷ್ಟು ಮಜಾ ಇದೆ.

ನಿಮ್ಮದು ಎಂಥ ರೈಫಲ್ ಅನ್ನುವುದರ ಮೇಲೆ ಅರ್ಧ ಉತ್ತರ ನಿಂತಿದೆ. ಪಿಸಿಪಿ ಆಗಿದ್ದರೆ, ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಗಾಳಿ ತುಂಬಿಕೊಂಡು ಹೊಡೆಯುವ ಥರದ್ದಾಗಿದ್ದರೆ, ಅದರಲ್ಲಿ ಒದೆತವೇ ಇಲ್ಲ ಅನ್ನಬಹುದು. ಸಾಧಾರಣ ರಿಂಗ್ ಸಾಕು. ಸ್ಕ್ರೂ ಸರಿಯಾಗಿ ಬಿಗಿದಿದ್ದರೆ ಅದು ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಆ ದುಡ್ಡನ್ನು ಒಳ್ಳೆಯ ಪೆಲೆಟ್‌ಗೆ ಹಾಕಿ.

ಬ್ಯಾರೆಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗರ್ ಆದರೆ ಕಥೆ ಬೇರೆ. ಟ್ರಿಗರ್ ಎಳೆದ ತಕ್ಷಣ ಸ್ಪ್ರಿಂಗ್ ಭಾರದ ಪಿಸ್ಟನ್ ಒಂದನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ ಮುಂದೆ ಹೋದಂತೆ ರೈಫಲ್ ಹಿಂದಕ್ಕೆ ಸರಿಯುತ್ತದೆ. ಇಷ್ಟಾದರೆ ಮಾಮೂಲಿ ಬಂದೂಕಿನ ಒದೆತದಂತೆಯೇ ಆಯಿತು. ಆದರೆ ಮರುಗಳಿಗೆಯಲ್ಲೇ ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು, ಒತ್ತಿಕೊಂಡ ಗಾಳಿಗೆ ಬಡಿದು ನಿಲ್ಲುತ್ತದೆ. ಆಗ ಇಡೀ ರೈಫಲ್ ಮುಂದಕ್ಕೆ ಎಳೆದಂತೆ ಜಗ್ಗುತ್ತದೆ. ಹಿಂದೊಮ್ಮೆ, ಮುಂದೊಮ್ಮೆ. ಈ ಎರಡನೆಯ ಏಟೇ ಜೋರು. ರೈಫಲ್ ಮುಂದಕ್ಕೆ ಹಾರಿದಾಗ ಸ್ಕೋಪ್ ತನ್ನ ಜಡತ್ವಕ್ಕೆ ಇದ್ದಲ್ಲೇ ಉಳಿಯಲು ನೋಡುತ್ತದೆ. ಪರಿಣಾಮ ಏನೆಂದರೆ, ರೈಲ್ ಮೇಲೆ, ಅಂದರೆ ಮೌಂಟ್ ಕಚ್ಚಿಕೊಳ್ಳುವ ರೈಫಲ್ ಮೇಲಿನ ಪಟ್ಟಿಯ ಮೇಲೆ, ಸ್ಕೋಪ್ ಒಂದೊಂದೇ ಹೊಡೆತಕ್ಕೆ ನಿಮ್ಮ ಕಣ್ಣಿನ ಕಡೆಗೆ ತೆವಳುತ್ತದೆ. ದೊಡ್ಡ ಬೇಟೆ ರೈಫಲ್ ತಡೆದುಕೊಂಡ ಸ್ಕೋಪ್ ಕೂಡ ಸ್ಪ್ರಿಂಗರ್ ಮೇಲೆ ಕೈಕೊಡುವುದು ಇದೇ ಕಾರಣಕ್ಕೆ. ಸ್ಪ್ರಿಂಗ್ ಬದಲು ಗ್ಯಾಸ್ ರಾಮ್ (ಒತ್ತಿ ತುಂಬಿದ ಗ್ಯಾಸಿನ ಸಿಲಿಂಡರ್) ಇರುವ ರೈಫಲ್‌ಗೂ ಇದೇ ಮಾತು.

ಎಷ್ಟು ಅಲ್ಲಾಡಿದರೆ ಎಷ್ಟು ತಪ್ಪುತ್ತದೆ? ಲೆಕ್ಕ ಸುಲಭ. ಎರಡು ರಿಂಗ್‌ಗಳ ನಡುವೆ 100 ಮಿಮೀ ಅಂತರ ಇದೆ ಅಂದುಕೊಳ್ಳಿ. ಹಿಂದಿನ ರಿಂಗ್ ಪಕ್ಕಕ್ಕೋ ಮೇಲಕ್ಕೋ 0.1 ಮಿಮೀ ಸರಿದರೆ ಕೋನ ಸಾವಿರಕ್ಕೆ ಒಂದರಷ್ಟು ಬದಲಾಯಿತು. 25 ಮೀಟರ್ ದೂರದಲ್ಲಿ ಅದು 25 ಮಿಮೀ, ಅಂದರೆ ಸರಿಸುಮಾರು ಒಂದು ಇಂಚು. 0.1 ಮಿಮೀ ಅಂದರೆ ತೆಳ್ಳನೆಯ ಕಾಗದದ ದಪ್ಪ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಸ್ಕೋಪ್ ಹಿಡಿದು ಅಲ್ಲಾಡಿಸಿ ನೋಡಿ 'ಗಟ್ಟಿಯಾಗೇ ಇದೆಯಲ್ಲ' ಅನ್ನುವುದರಲ್ಲಿ ಅದಕ್ಕೇ ಅರ್ಥವಿಲ್ಲ.

ಅಪರಾಧಿ ಯಾರು?

ಗ್ರೂಪ್ ಚದುರಿದರೆ ಎಲ್ಲರೂ ಮೊದಲು ಬೈಯುವುದು ಮೌಂಟನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಅಂದಾಜಿನಲ್ಲಿ ಸ್ಪ್ರಿಂಗರ್‌ಗಳ ತೊಂದರೆಯಲ್ಲಿ ಜಾಸ್ತಿ ಪಾಲು ಮೌಂಟಿನದ್ದಲ್ಲ, ಸ್ಟಾಕ್ ಸ್ಕ್ರೂಗಳದ್ದು. ಮರದ ಅಥವಾ ಪ್ಲಾಸ್ಟಿಕ್ ಸ್ಟಾಕ್ ಅನ್ನು ಲೋಹದ ಕೊಳವೆಗೆ ಹಿಡಿದಿರುವ ಮೂರ್ನಾಲ್ಕು ಸ್ಕ್ರೂಗಳಿರುತ್ತವೆ: ಮುಂಭಾಗದಲ್ಲಿ ಎರಡೂ ಪಕ್ಕಕ್ಕೆ, ಟ್ರಿಗರ್ ಗಾರ್ಡ್ ಹತ್ತಿರ ಒಂದೋ ಎರಡೋ. ಆ ಎರಡು ದಿಕ್ಕಿನ ಒದೆತಕ್ಕೆ ಇವೂ ಸಡಿಲವಾಗುತ್ತವೆ. ಮೊದಲು ಇವನ್ನು ಬಿಗಿ ಮಾಡಿ. ಖರ್ಚು ಸೊನ್ನೆ. ಬ್ಯಾರೆಲ್ ಮಡಚುವ ಕೀಲಿನ ಬೋಲ್ಟ್ ಕೂಡ ನೋಡಿ. ಬ್ಯಾರೆಲ್ ಮುಚ್ಚಿದ ಮೇಲೆ ಪಕ್ಕಕ್ಕೆ ಆಡುತ್ತಿದ್ದರೆ ಯಾವ ಮೌಂಟೂ ಅದನ್ನು ಸರಿಮಾಡಲಾರದು.

ಹಿಡಿತವೂ ಅಷ್ಟೇ ಮುಖ್ಯ. ಸ್ಪ್ರಿಂಗರ್ ಅನ್ನು ಗಟ್ಟಿಯಾಗಿ ತಬ್ಬಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ರೀತಿ ಹಾರುತ್ತದೆ. ಅಂಗೈ ಮೇಲೆ ಸುಮ್ನೆ ಕೂರಿಸಿ, ಅದರ ಪಾಡಿಗೆ ಅದು ಹಿಂದೆ ಮುಂದೆ ಹೋಗಲು ಬಿಡಬೇಕು. ಮರಳಿನ ಚೀಲದ ಮೇಲೆ ನೇರವಾಗಿ ಇಟ್ಟು ಹೊಡೆದು 'ಬೆಂಚ್ ಮೇಲಿಂದಲೂ ಚದುರುತ್ತಿದೆ, ಮೌಂಟೇ ಹಾಳು' ಅಂತ ತೀರ್ಮಾನಿಸುವವರು ಬಹಳ. ಚೀಲ ಮತ್ತು ರೈಫಲ್ ನಡುವೆ ನಿಮ್ಮ ಅಂಗೈ ಇರಲಿ.

ಇಷ್ಟಾದ ಮೇಲೂ ಅನುಮಾನ ಇದ್ದರೆ ಮೌಂಟ್ ವಿಚಾರಣೆ. ಉಗುರು ಬಣ್ಣದ ಸೀಸೆ ತೆಗೆದುಕೊಳ್ಳಿ. ರಿಂಗ್ ಮತ್ತು ಸ್ಕೋಪ್ ಕೊಳವೆ ಸೇರುವ ಕಡೆ ಎರಡನ್ನೂ ಹಾಯುವಂತೆ ಒಂದು ಸಣ್ಣ ಗೆರೆ. ಮೌಂಟಿನ ಬುಡ ಮತ್ತು ರೈಲ್ ಸೇರುವ ಕಡೆ ಇನ್ನೊಂದು. ಎರಡೂ ರಿಂಗ್‌ಗೆ ಹೀಗೇ ಮಾಡಿ, ಒಣಗಲು ಬಿಡಿ. ಆಮೇಲೆ ಐವತ್ತು ಪೆಲೆಟ್ ಹೊಡೆದು ಗೆರೆಗಳನ್ನು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಮೇಲಿನ ಗೆರೆ ಮುರಿದಿದ್ದರೆ ರಿಂಗ್ ಒಳಗೆ ಸ್ಕೋಪ್ ಜಾರುತ್ತಿದೆ. ಕೆಳಗಿನದು ಮುರಿದಿದ್ದರೆ ರೈಲ್ ಮೇಲೆ ಮೌಂಟೇ ಜಾರುತ್ತಿದೆ. ಇವೆರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ. ಯಾವ ಗೆರೆಯೂ ಅಲುಗಿಲ್ಲ ಅಂದರೆ ಮೌಂಟ್ ತೆವಳುತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಆಗ ಸ್ಕೋಪ್ ಮೇಲೆ ಕಣ್ಣು ಹಾಕಿ. ಒಂದು ಗುಂಡು ಹೊಡೆದು ಟರೆಟ್ (ಸ್ಕೋಪ್ ಮೇಲೆ ಗುರಿ ಹೊಂದಿಸುವ ತಿರುಗಣೆ) 20 ಕ್ಲಿಕ್ ಮೇಲೆ, ಇನ್ನೊಂದು ಹೊಡೆದು 20 ಬಲಕ್ಕೆ, ಆಮೇಲೆ 20 ಕೆಳಗೆ, 20 ಎಡಕ್ಕೆ. ಗುರಿ ಇಡುವ ಚುಕ್ಕೆ ಮಾತ್ರ ಒಂದೇ. ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಪೆಲೆಟ್ ಮೊದಲಿನದರ ಪಕ್ಕಕ್ಕೇ ಬರಬೇಕು. ಬರಲಿಲ್ಲ ಅಂದರೆ ಸ್ಕೋಪ್ ಒಳಗೇ ಏನೋ ಕೆಟ್ಟಿದೆ. ಅಂಥ ಸ್ಕೋಪ್‌ಗೆ ಹೊಸ ಮೌಂಟ್ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ.

ರೈಫಲ್‌ಗೆ ತೆರೆದ ಸೈಟ್ (ಲೆನ್ಸ್ ಇಲ್ಲದ ಗುರಿ ಕಚ್ಚು) ಇದ್ದರೆ ಇನ್ನೊಂದು ನೇರ ಪರೀಕ್ಷೆಯಿದೆ. ಸ್ಕೋಪ್ ತೆಗೆದಿಟ್ಟು 10 ಮೀಟರ್‌ನಿಂದ ಹೊಡೆಯಿರಿ. ಅದರಲ್ಲೂ ಪೆಲೆಟ್ ಕಂಡಕಂಡಲ್ಲಿ ಬಿದ್ದರೆ ಮೌಂಟ್ ನಿರಪರಾಧಿ. ಸ್ಕೋಪ್ ಇಲ್ಲದ ಸೈಟ್ ಅಂದರೆ ಕಳಪೆ ಅನ್ನೋ ಭಾವನೆ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಬರೀ ಸಣ್ಣ ತೂತಿನ ಸೈಟ್ ನೋಡಿಕೊಂಡು. ಆ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಅರ್ಧ ಮಿಮೀ ಮಾತ್ರ.

ಪುಕ್ಕಟೆ ರಿಪೇರಿ

ಗೆರೆ ಮುರಿದಿದೆ ಅಂತಿಟ್ಟುಕೊಳ್ಳಿ. ಆಗಲೂ ತಕ್ಷಣ ಆರ್ಡರ್ ಮಾಡಬೇಕಿಲ್ಲ. ಮೌಂಟ್ ಪೂರ್ತಿ ಬಿಚ್ಚಿ. ರೈಲ್, ಮೌಂಟಿನ ಬುಡ, ರಿಂಗ್‌ಗಳ ಒಳಭಾಗ, ಸ್ಕೋಪ್ ಕೊಳವೆ, ಎಲ್ಲವನ್ನೂ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಹೊಸ ರೈಫಲ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಫ್ಯಾಕ್ಟರಿಯಲ್ಲೇ ಎಣ್ಣೆ ಸವರಿರುತ್ತಾರೆ. ಮಳೆಗಾಲ ಅಂತ ನಾವೂ ಸವರುತ್ತೇವೆ. ಆ ಎಣ್ಣೆ ಮೌಂಟಿನ ಕೆಳಗೂ ಇಳಿದಿರುತ್ತದೆ. ಜಾರುವುದಕ್ಕೆ ಅಷ್ಟು ಸಾಕು.

ಬಿಗಿ ಮಾಡುವಾಗ ಮೇಲಿನ ಕ್ಯಾಪ್‌ನ ಸ್ಕ್ರೂಗಳನ್ನು ಕರ್ಣಾಕಾರವಾಗಿ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹೋಗಿ. ಎರಡೂ ಪಕ್ಕ ಕಾಣುವ ಸಂದು ಸಮನಾಗಿರಬೇಕು. ಒಂದು ಕಡೆ ಪೂರ್ತಿ ಮುಚ್ಚಿ ಇನ್ನೊಂದು ಕಡೆ ಬಾಯಿ ಬಿಟ್ಟಿದ್ದರೆ ಸ್ಕೋಪ್ ತಿರುಚಿಕೊಳ್ಳುತ್ತದೆ.

ಎಷ್ಟು ಬಿಗಿ? ಅಲ್ಯೂಮಿನಿಯಂ ರಿಂಗ್ ಕ್ಯಾಪ್‌ಗೆ ಸಾಮಾನ್ಯವಾಗಿ ಹೇಳುವ ಟಾರ್ಕ್ 15ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 2 ನ್ಯೂಟನ್-ಮೀಟರ್. ಟಾರ್ಕ್ ಡ್ರೈವರ್ ಇಲ್ಲದಿದ್ದರೆ ಎಲ್ ಆಕಾರದ ಅಲೆನ್ ಕೀಯಲ್ಲೇ ಲೆಕ್ಕ ಹಾಕಬಹುದು. ಕೀಯ ಗಿಡ್ಡ ತುದಿಯನ್ನು ಸ್ಕ್ರೂನಲ್ಲಿಟ್ಟು 7 ಸೆಂಮೀ ಉದ್ದದ ತೋಳನ್ನು ಹಿಡಿದು ತಿರುಗಿಸಿದರೆ, 2 ನ್ಯೂಟನ್-ಮೀಟರ್‌ಗೆ ಬರೀ 3 ಕೆಜಿ ಒತ್ತಡ ಸಾಕು. ನಾವು ಹುರುಪಿನಲ್ಲಿ 10 ಕೆಜಿ ಹಾಕಿಬಿಡುತ್ತೇವೆ. ಆಗ ಒಂದೋ ಥ್ರೆಡ್ ಕಿತ್ತು ಬರುತ್ತದೆ, ಇಲ್ಲವೇ ಸ್ಕೋಪ್ ಕೊಳವೆ ನೆಗ್ಗುತ್ತದೆ. ಅದರ ಬದಲು ಉದ್ದನೆಯ ತುದಿಯನ್ನು ಸ್ಕ್ರೂನಲ್ಲಿಟ್ಟು 2 ಸೆಂಮೀ ಗಿಡ್ಡ ತೋಳನ್ನು ಬೆರಳಲ್ಲಿ ತಿರುಗಿಸಿ. ಬೆರಳು ನೋಯುವಷ್ಟರಲ್ಲಿ ಬಿಗಿ ಸಾಕಾಗಿರುತ್ತದೆ. ರೈಲ್ ಹಿಡಿಯುವ ಕೆಳಗಿನ ಸ್ಕ್ರೂ ಇದಕ್ಕಿಂತ ಸ್ವಲ್ಪ ಜಾಸ್ತಿ ಬಿಗಿ ತಡೆಯುತ್ತದೆ.

ರಿಂಗ್ ಒಳಗೆ ಸ್ಕೋಪ್ ಜಾರುತ್ತಿದ್ದರೆ ಕೆಳಗಿನ ಅರ್ಧಕ್ಕೆ ತೆಳ್ಳನೆಯ ಬಟ್ಟೆ ಟೇಪ್ ಒಂದು ಪದರ ಅಂಟಿಸಬಹುದು. ಕೆಲಸ ಮಾಡುತ್ತದೆ. ಸೈಕಲ್ ಟ್ಯೂಬಿನ ರಬ್ಬರ್ ಹಾಕುವವರೂ ಇದ್ದಾರೆ, ಅದು ಬೇಡ. ರಬ್ಬರ್ ಅದುಮಿ ಮತ್ತೆ ಉಬ್ಬುತ್ತದೆ, ಪ್ರತಿ ಹೊಡೆತಕ್ಕೂ ಸ್ಕೋಪ್ ಉಯ್ಯಾಲೆ ಆಡುತ್ತದೆ.

ರೈಲ್ ಮೇಲೆ ಮೌಂಟ್ ಜಾರುತ್ತಿದ್ದರೆ ಬೇಕಾದದ್ದು ತಡೆ. ಅನೇಕ ರೈಫಲ್‌ಗಳ ರೈಲ್ ಹಿಂಭಾಗದಲ್ಲಿ ಒಂದೆರಡು ಸಣ್ಣ ತೂತುಗಳಿರುತ್ತವೆ. ಸ್ಟಾಪ್ ಪಿನ್ ಇರುವ ಮೌಂಟ್‌ನ ಮೊಳೆ ಕೂರುವುದು ಅಲ್ಲೇ. ನಿಮ್ಮ ರಿಂಗ್‌ನಲ್ಲಿ ಪಿನ್ ಇಲ್ಲದಿದ್ದರೆ ಸ್ಕೋಪ್ ಸ್ಟಾಪ್ ಅನ್ನುವ ಚಿಕ್ಕ ಕಬ್ಬಿಣದ ತುಂಡು ಬೇರೆಯಾಗಿ ಸಿಗುತ್ತದೆ. ಅದನ್ನು ಹಿಂದಿನ ರಿಂಗ್‌ಗೆ ತಾಗಿಸಿ, ಅದರ ಬೆನ್ನಿಗೆ ಬಿಗಿಯಬೇಕು. ಮುಂದೆ ಅಲ್ಲ, ಹಿಂದೆ. ಸ್ಪ್ರಿಂಗರ್‌ನಲ್ಲಿ ಸ್ಕೋಪ್ ತೆವಳುವುದು ಹಿಂದಕ್ಕೆ ಅನ್ನುವುದು ನೆನಪಿರಲಿ. ಪೂರ್ತಿ ಮೌಂಟ್ ಬದಲಾಯಿಸುವುದಕ್ಕಿಂತ ಇದು ಎಷ್ಟೋ ಅಗ್ಗ. ಬಜೆಟ್ ಬಿಗಿ ಇದ್ದರೆ ನಾನು ಮೊದಲು ಕೊಳ್ಳುವ ವಸ್ತು ಇದೇ.

ಬ್ಯಾರೆಲ್ ತಲೆ ತಗ್ಗಿಸಿದ್ದರೆ

ಇದೊಂದು ವಿಷಯದಲ್ಲಿ ಮಾತ್ರ ಮೌಂಟ್ ಬದಲಾಯಿಸುವುದು ನಿಜವಾಗಿ ಬೇಕಾಗಬಹುದು. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಡಚುವ ಬ್ಯಾರೆಲ್ ಎಷ್ಟೋ ಸಲ ಪಿಸ್ಟನ್ ಇರುವ ಹಿಂದಿನ ಕೊಳವೆಯ ಗೆರೆಗಿಂತ ಕೊಂಚ ಕೆಳಮುಖವಾಗಿ ಕೂತಿರುತ್ತದೆ. ಇದನ್ನು ಡ್ರೂಪ್ ಅನ್ನುತ್ತಾರೆ. ತೆರೆದ ಸೈಟ್ ಬ್ಯಾರೆಲ್ ಮೇಲೇ ಇರುವುದರಿಂದ ಅದಕ್ಕೆ ತೊಂದರೆ ಇಲ್ಲ. ಸ್ಕೋಪ್ ಕೂರುವುದು ಹಿಂದಿನ ಕೊಳವೆ ಮೇಲೆ. ಬ್ಯಾರೆಲ್ ಒಂದು ಕಡೆ ನೋಡುತ್ತಿರುತ್ತದೆ, ಸ್ಕೋಪ್ ಇನ್ನೊಂದು ಕಡೆ. ಟರೆಟ್ ಮೇಲಕ್ಕೆ ತಿರುಗಿಸುತ್ತ ಹೋಗಿ ಝೀರೋ ಮಾಡಿಕೊಳ್ಳುತ್ತೀರಿ. ಕೊನೆಗೆ ಟರೆಟ್ ಅದರ ಮಿತಿಯ ಹತ್ತಿರ ಬಂದು ನಿಲ್ಲುತ್ತದೆ. ಸ್ಕೋಪ್ ಒಳಗಿನ ಕೊಳವೆಯನ್ನು ಟರೆಟ್‌ಗೆ ಒತ್ತಿ ಹಿಡಿಯುವ ಒಂದು ಸಣ್ಣ ಸ್ಪ್ರಿಂಗ್ ಇದೆ. ಟರೆಟ್ ಅಷ್ಟು ಮೇಲಕ್ಕೆ ಬಂದಾಗ ಆ ಸ್ಪ್ರಿಂಗ್ ಹಿಗ್ಗಿ ಬಲ ಕಳೆದುಕೊಂಡಿರುತ್ತದೆ. ಪ್ರತಿ ಒದೆತಕ್ಕೂ ಒಳಗಿನ ಕೊಳವೆ ಅಲ್ಲಾಡುತ್ತದೆ. ಝೀರೋ ಓಡಾಡುತ್ತದೆ. ಹೊರಗೆ ನೋಡಿದರೆ ಎಲ್ಲಾ ಸ್ಕ್ರೂ ಬಿಗಿ, ಎಲ್ಲಾ ಗೆರೆ ಸರಿ. ತಲೆ ಕೆಡಿಸುವ ಸಮಸ್ಯೆ ಇದು.

ಪತ್ತೆ ಮಾಡುವುದು ಹೀಗೆ. ಸ್ಕೋಪ್‌ನ ಎತ್ತರದ ಟರೆಟ್ ಅನ್ನು ಮೆಲ್ಲಗೆ ಒಂದು ಕೊನೆಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆವರೆಗೆ ಕ್ಲಿಕ್ ಎಣಿಸಿ. ಒಟ್ಟು 240 ಕ್ಲಿಕ್ ಬಂತು ಅನ್ನೋಣ. ಒಂದು ಕ್ಲಿಕ್ ಕಾಲು ಎಂಒಎ ಆದರೆ ಒಟ್ಟು 60 ಎಂಒಎ. ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 100 ಮೀಟರ್‌ನಲ್ಲಿ ಸುಮಾರು 29 ಮಿಮೀ. ಈಗ 120 ಕ್ಲಿಕ್ ವಾಪಸ್ ಬಂದರೆ ಟರೆಟ್ ನಡುಮಧ್ಯದಲ್ಲಿದೆ. ಹಾಗೇ ಬಿಟ್ಟು 25 ಮೀಟರ್‌ನಿಂದ ದೊಡ್ಡ ರಟ್ಟಿಗೆ ಹೊಡೆಯಿರಿ.

ಪೆಲೆಟ್ ಗುರಿಗಿಂತ 10 ಸೆಂಮೀ ಕೆಳಗೆ ಬಿದ್ದರೆ ಗಾಬರಿ ಬೇಡ, ಅದು ಡ್ರೂಪ್ ಅಲ್ಲ. ಸ್ಕೋಪ್ ಬ್ಯಾರೆಲ್‌ಗಿಂತ ಸುಮಾರು 5 ಸೆಂಮೀ ಮೇಲಿದೆ. 25 ಮೀಟರ್ ದಾಟಲು ಪೆಲೆಟ್‌ಗೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ಅಷ್ಟರಲ್ಲಿ ಅದು ಇನ್ನೊಂದು 5 ಸೆಂಮೀ ಇಳಿಯುತ್ತದೆ. ಎರಡೂ ಸೇರಿ 10. ಎಂಥ ನೇರ ಬ್ಯಾರೆಲ್ ಇದ್ದರೂ ಇಷ್ಟು ಇದ್ದೇ ಇರುತ್ತದೆ.

20 ಸೆಂಮೀ ಕೆಳಗೆ ಬಿತ್ತು ಅಂದರೆ ವಿಷಯ ಗಂಭೀರ. ನಡುವಿನಿಂದ ಮೇಲಕ್ಕೆ ಉಳಿದಿರುವ 30 ಎಂಒಎ 25 ಮೀಟರ್‌ನಲ್ಲಿ ಸುಮಾರು 22 ಸೆಂಮೀ ಆಗುತ್ತದೆ. ಅದರಲ್ಲಿ 20 ಖರ್ಚಾದರೆ ಟರೆಟ್ ಅಂಚಿನಲ್ಲಿ ನಿಂತಂತೆಯೇ. ಹೆಚ್ಚುವರಿ 10 ಸೆಂಮೀ ಸರಿಪಡಿಸಲು ಹಿಂದಿನ ರಿಂಗ್ ಎಷ್ಟು ಏರಬೇಕು? ರಿಂಗ್‌ಗಳ ನಡುವೆ 100 ಮಿಮೀ ಇದ್ದರೆ 0.4 ಮಿಮೀ. ತಂಪು ಪಾನೀಯದ ಕ್ಯಾನ್ ಕತ್ತರಿಸಿದರೆ ಸಿಗುವ ತಗಡು ಸುಮಾರು 0.1 ಮಿಮೀ. ಹಿಂದಿನ ರಿಂಗ್ ಕೆಳಗೆ ಒಂದೆರಡು ಪದರ ಇಡುವುದು ಹಳೆಯ ಉಪಾಯ, ತೊಂದರೆ ಇಲ್ಲ. ನಾಲ್ಕು ಪದರ ಇಟ್ಟರೆ ನೇರ ರಿಂಗ್‌ಗಳ ನಡುವೆ ಸ್ಕೋಪ್ ಕೊಳವೆ ಬಾಗತೊಡಗುತ್ತದೆ.

ಅಷ್ಟು ಬೇಕಾದಾಗ ದುಡ್ಡು ಬಿಚ್ಚಿ. ಹಿಂಭಾಗ ಎತ್ತರವಾಗಿಯೇ ಕಡೆದ ಡ್ರೂಪ್ ಮೌಂಟ್ ಅಥವಾ 20 ಎಂಒಎ ಇಳಿಜಾರಿರುವ ಮೌಂಟ್ ತೆಗೆದುಕೊಳ್ಳಿ. 20 ಎಂಒಎ 25 ಮೀಟರ್‌ನಲ್ಲಿ ಹದಿನಾಲ್ಕೂವರೆ ಸೆಂಮೀ ಎತ್ತಿಕೊಡುತ್ತದೆ. ಟರೆಟ್ ಮತ್ತೆ ನಡುವಿನ ಹತ್ತಿರಕ್ಕೆ ಬರುತ್ತದೆ, ಸ್ಕೋಪ್‌ನ ಆಯಸ್ಸೂ ಜಾಸ್ತಿಯಾಗುತ್ತದೆ.

ಕೊಳ್ಳಲೇಬೇಕು ಅಂತಾದರೆ

ಮೊದಲು ರೈಲ್ ಯಾವುದು ನೋಡಿಕೊಳ್ಳಿ. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿರುವುದು 11 ಮಿಮೀ ಡವ್‌ಟೇಲ್: ರೈಫಲ್‌ನ ಕೊಳವೆ ಮೇಲೆ ಎರಡು ಉದ್ದನೆಯ ತೋಡು ಮಾತ್ರ, ಅಡ್ಡ ಕಚ್ಚುಗಳಿಲ್ಲ. ಅಡ್ಡ ಕಚ್ಚುಗಳಿರುವ ಅಗಲ ರೈಲ್ ಆದರೆ ವೀವರ್ ಅಥವಾ ಪಿಕಟಿನ್ನಿ. ಪಿಕಟಿನ್ನಿ ಕಚ್ಚಿನ ಅಗಲ 5.23 ಮಿಮೀ, ಹಳೆಯ ವೀವರ್‌ನದ್ದು ಅದಕ್ಕಿಂತ ಕಿರಿದು. ಹಾಗಾಗಿ ವೀವರ್ ಮೌಂಟ್ ಪಿಕಟಿನ್ನಿ ಮೇಲೆ ಕೂರುತ್ತದೆ, ಉಲ್ಟಾ ಸಾಮಾನ್ಯವಾಗಿ ಕೂರುವುದಿಲ್ಲ. ಕಚ್ಚು ಇರುವ ರೈಲ್‌ನಲ್ಲಿ ಮೌಂಟಿನ ಅಡ್ಡಪಟ್ಟಿ ತಾನೇ ತಡೆಯಾಗುತ್ತದೆ, ಬೇರೆ ಪಿನ್ ಬೇಡ. ಬಿಗಿಯುವಾಗ ಸ್ಪ್ರಿಂಗರ್‌ನಲ್ಲಿ ಮೌಂಟನ್ನು ಹಿಂದಕ್ಕೆ ಒತ್ತಿ ಕಚ್ಚಿನ ಹಿಂಗೋಡೆಗೆ ತಾಗಿಸಿಕೊಳ್ಳಿ.

11 ಮಿಮೀ ರೈಲ್ ಮೇಲೆ ಅಡಾಪ್ಟರ್ ಹಾಕಿ, ಅದರ ಮೇಲೆ ಪಿಕಟಿನ್ನಿ ರಿಂಗ್ ಹಾಕುವುದು ನನಗೆ ಅಷ್ಟಕ್ಕಷ್ಟೇ. ಸಡಿಲಾಗಲು ಇನ್ನೊಂದು ಜಾಗ ಸೃಷ್ಟಿಸಿದಂತಾಯಿತು, ಸ್ಕೋಪೂ ಎತ್ತರಕ್ಕೆ ಹೋಯಿತು. ಕೆನ್ನೆ ಸ್ಟಾಕ್ ಮೇಲೆ ಊರದೆ ಗಾಳಿಯಲ್ಲಿ ತೇಲಿದರೆ ಗುರಿ ಹಾಳು. 40 ಮಿಮೀ ಲೆನ್ಸ್‌ಗೆ ಮಧ್ಯಮ ಎತ್ತರದ ರಿಂಗ್ ಸಾಮಾನ್ಯವಾಗಿ ಸಾಕು. ಮುಂದಿನ ಲೆನ್ಸ್ ರೈಫಲ್‌ನ ಕೊಳವೆಗೆ ತಾಗದೆ ಕಾಗದ ಮಡಚಿ ತೂರಿಸುವಷ್ಟು ಜಾಗ ಇದ್ದರೆ ಆಯಿತು.

ಸ್ಕೋಪ್ ಕೊಳವೆಯ ವ್ಯಾಸ ಅಳೆಯದೆ ಆರ್ಡರ್ ಮಾಡಬೇಡಿ. ಸಾಮಾನ್ಯವಾಗಿ 25.4 ಮಿಮೀ ಅಥವಾ 30 ಮಿಮೀ, ಎರಡರಲ್ಲಿ ಒಂದಿರುತ್ತದೆ.

ಉಳಿದಂತೆ, ಸ್ಪ್ರಿಂಗರ್‌ಗೆ ಒಂದೇ ತುಂಡಿನ ಮೌಂಟ್ ಎರಡು ಬಿಡಿ ರಿಂಗ್‌ಗಿಂತ ವಾಸಿ. ರೈಲ್ ಹಿಡಿಯುವ ಉದ್ದ ಜಾಸ್ತಿ, ಎರಡು ರಿಂಗ್ ಒಂದೇ ಗೆರೆಯಲ್ಲಿರುತ್ತವೆ. ಪ್ರತಿ ಕ್ಯಾಪ್‌ಗೆ ನಾಲ್ಕು ಸ್ಕ್ರೂ, ಬುಡದಲ್ಲಿ ಸ್ಟಾಪ್ ಪಿನ್, ಇವೆರಡು ಇದ್ದರೆ ಬ್ರಾಂಡ್ ಯಾವುದಾದರೂ ನಡೆಯುತ್ತದೆ. ಕೈಯಲ್ಲೇ ಬಿಚ್ಚುವ ಲಿವರ್, ಮುಂದಕ್ಕೆ ಚಾಚಿದ ಮಿಲಿಟರಿ ಶೈಲಿ, ಇವಕ್ಕೆಲ್ಲ ಕೊಡುವ ದುಡ್ಡು ನೋಟಕ್ಕೆ ಮಾತ್ರ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸಂಕೋಚ ಬೇಡ. ಮೌಂಟ್‌ನಲ್ಲಿ ಸವೆಯುವ ಭಾಗ ಇಲ್ಲ. ಪ್ರತಿ ಸ್ಕ್ರೂವನ್ನು ಕೈಯಿಂದಲೇ ಪೂರ್ತಿ ಒಳಗೆ ತಿರುಗಿಸಿ ನೋಡಿ, ಎಲ್ಲೂ ಜಿಗಿಯಬಾರದು. ಅಲೆನ್ ಕೀ ಕೂರುವ ತೂತು ದುಂಡಗಾಗಿರಬಾರದು. ರಿಂಗ್ ಒಳಗೆ ಗೀರು, ಉಬ್ಬು ಇದ್ದರೆ ಬಿಟ್ಟುಬಿಡಿ. ಸ್ಟಾಪ್ ಪಿನ್ ಬಾಗಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಿ, ಪಿನ್ ಹೊಸದು ಹಾಕಿಸಬಹುದು. ಹೊಸದೋ ಹಳೆಯದೋ, ಕೂರಿಸಿದ ದಿನವೇ ಉಗುರು ಬಣ್ಣದ ಗೆರೆ ಎಳೆದುಬಿಡಿ. ಐವತ್ತು ಪೆಲೆಟ್ ಆದಮೇಲೆ ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿ, ಕೊನೆಯ ಝೀರೋ ಆಮೇಲೆ ಮಾಡಿಕೊಳ್ಳಿ.